‘ಉಗೆತ್ಸು ಮೊನೊಗತಾರಿ’: ಒಂದು ಜಪಾನೀ ಪ್ರೇತಚಿತ್ರದ ವಿವೇಚನೆ

ಸಾಹಿತ್ಯಕೃತಿಯೊಂದು ಚಲಚ್ಚಿತ್ರವಾಗಿ ಮಾರ್ಪಟ್ಟಾಗ ಮೂಲಕ್ಕೆ ಅಪಚಾರವಾಯಿತೆಂಬ ದೂರು ಏಳುವುದು ವಾಡಿಕೆ. ಆ ದೂರಿನಲ್ಲಿ ಅನೇಕ ಸಲ ಸತ್ಯಾಂಶವೂ ಇರುವುದುಂಟು. ಆದರೆ ಮೂಲದ ಎರಡು ಕಥೆಗಳನ್ನು ಒಡೆದು, ಬೇರೊಂದು ದೇಶದ ಮೂರನೆಯ ಕಥೆಯ ಎಳೆಯನ್ನು ಅವಕ್ಕೆ ಹೆಣೆದು, ಕಾಲವನ್ನೂ ಸ್ಥಳವನ್ನೂ ಪಾತ್ರಗಳ ಕಸುಬನ್ನೂ ಬದಲಾಯಿಸಿ, ಇಷ್ಟಾದರೂ ಮೂಲದ ಹುರುಳನ್ನು ಕೆಡಿಸದೆ ಉಳಿಸಿಕೊಂಡ ಚಿತ್ರವೊಂದು ಜಪಾನಿನಲ್ಲಿ ತಯಾರಾಯಿತು. 1953ನೆಯ ಇಸವಿ ಮಾರ್ಚ್ ತಿಂಗಳಲ್ಲಿ ತೆರೆಕಂಡ ‘ಉಗೆತ್ಸು ಮೊನೊಗತಾರಿ’ಯೇ ಆ ಚಿತ್ರ. ಅದರ ನಿರ್ದೇಶಕರು ಕೆಂಜಿ ಮಿಜೊಗುಚಿ. ತಯಾರಿಸಿದ ಸಂಸ್ಥೆ ದಾಯಿಯೇ. ಸಾಹಿತ್ಯವನ್ನು ಪಾಠ ಹೇಳುವ ನಮ್ಮಂಥವರು ಇದನ್ನು ‘ಬರಿಯ ಸಿನಿಮಾ’ ಎಂದು ಬದಿಗಿಡುವಂತಿಲ್ಲ. ಒಂದು ಕಥೆ ಹೇಗೆ ಇನ್ನೊಂದು ಕಥೆಯಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗದು. ಅದಕ್ಕಿಂತ ಮುಖ್ಯವಾಗಿ, ದಂಡು ಬಂದ ಕಾಲದಲ್ಲಿ ಗಂಡಸಿನ ಆಸೆಯ ಸಾಲವನ್ನು ಯಾರು ತೀರಿಸುತ್ತಾರೆ ಎಂಬ ಪ್ರಶ್ನೆಯನ್ನು ಈ ಚಿತ್ರ ಎತ್ತುತ್ತದೆ; ಎತ್ತಿ, ಮೆತ್ತಗೆ ಬಿಟ್ಟುಬಿಡುವುದಿಲ್ಲ.

ಮೊದಲು ಹೆಸರಿನ ವಿಚಾರ. ‘ಉ’ ಎಂದರೆ ಮಳೆ, ‘ಗೆತ್ಸು’ ಎಂದರೆ ಚಂದ್ರ, ‘ಮೊನೊಗತಾರಿ’ ಎಂದರೆ ಕಥನ. ಕನ್ನಡದಲ್ಲಿ ‘ಮಳೆ-ಬೆಳುದಿಂಗಳ ಕಥೆಗಳು’ ಎನ್ನಬಹುದು. ಕೇಳಲು ಇಂಪಾದ ಈ ಹೆಸರಿನ ಹಿಂದೆ ಒಂದು ನಂಬಿಕೆಯಿದೆ: ಮಳೆ ನಿಂತು, ಚಂದ್ರ ಮಸುಕಾಗಿ ಕಾಣುವ ಹೊತ್ತು ಸತ್ತವರು ಸುಳಿಯುವ ಹೊತ್ತು. ಅಂಥದೊಂದು ರಾತ್ರಿಯಲ್ಲಿ ಪುಸ್ತಕವನ್ನು ಮುಗಿಸಿದೆನೆಂದು ಮೂಲ ಗ್ರಂಥದ ಕರ್ತೃವೇ ಮುನ್ನುಡಿಯಲ್ಲಿ ಸೂಚಿಸಿದ್ದಾನೆ. ಆತನೇ ಉಎದ ಅಕಿನಾರಿ. (ಜಪಾನೀಯರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ, ಹಳೆಯ ಲೇಖಕರನ್ನು ಇಟ್ಟ ಹೆಸರಿನಿಂದ ಕರೆಯುವುದು ರೂಢಿ. ಈಚಿನವರನ್ನು ನಾವು ಇಟ್ಟ ಹೆಸರು ಮೊದಲಾಗಿಯೇ ಬರೆದಿದ್ದೇವೆ.) ಅಕಿನಾರಿ 1734ರಲ್ಲಿ ಒಸಾಕಾದಲ್ಲಿ ಹುಟ್ಟಿದನು; ವ್ಯಾಪಾರಿಯೊಬ್ಬನ ಮನೆಗೆ ದತ್ತುಹೋದನು; ಬಾಲ್ಯದಲ್ಲಿ ಸಿಡುಬು ತಗುಲಿ ಬೆರಳುಗಳು ಊನವಾದವು. ಅಂಗಡಿ ಬೆಂಕಿಗೆ ಆಹುತಿಯಾದ ಮೇಲೆ ವೈದ್ಯವೃತ್ತಿಯನ್ನು ಹಿಡಿದನು. ಪ್ರಾಚೀನ ಜಪಾನೀ ಸಾಹಿತ್ಯದಲ್ಲಿ ಗಟ್ಟಿ ವಿದ್ವಾಂಸ. ತನ್ನ ಕಾಲದ ಮಹಾಪಂಡಿತ ಮೊತೊಓರಿ ನೊರಿನಾಗನೊಡನೆ ವಾದಕ್ಕಿಳಿಯಲು ಅಂಜದವನು. 1809ರಲ್ಲಿ ತೀರಿಕೊಂಡನು. ‘ಉಗೆತ್ಸು’ವಿನ ಮುನ್ನುಡಿಗೆ 1768ರ ತಾರೀಖಿದೆ, ಅಚ್ಚಾದದ್ದು 1776ರಲ್ಲಿ. ಅದರಲ್ಲಿರುವ ಕಥೆಗಳು ಒಂಬತ್ತು.

ಈ ಒಂಬತ್ತರಲ್ಲಿ ಎರಡನ್ನು ಚಿತ್ರಕ್ಕಾಗಿ ಆರಿಸಿಕೊಂಡಿದ್ದಾರೆ. ಒಂದು ‘ಅಸಾಜಿ ಗ ಯದೊ’, ಅಂದರೆ ಹುಲ್ಲು ಬೆಳೆದ ಪಾಳುಮನೆ. ಕತ್ಸುಶಿರೊ ಎಂಬ ರೈತ ಕಳೆದುಹೋದ ಮನೆತನದ ಸಿರಿಯನ್ನು ಮತ್ತೆ ಗಳಿಸಲೆಂದು ರೇಷ್ಮೆಯನ್ನು ಹೊತ್ತು ಕ್ಯೋತೊ ನಗರಕ್ಕೆ ಹೋಗುತ್ತಾನೆ. ಶರತ್ಕಾಲಕ್ಕೆ ಬರುವೆನೆಂದು ಹೆಂಡತಿ ಮಿಯಾಗಿಗೆ ಮಾತು ಕೊಟ್ಟಿರುತ್ತಾನೆ. ಯುದ್ಧ ಒದಗುತ್ತದೆ, ದಾರಿ ಕಟ್ಟುತ್ತದೆ, ರೋಗ ಹಿಡಿಯುತ್ತದೆ, ಮನಸ್ಸೂ ಸಡಿಲುತ್ತದೆ. ಮರಳುವಷ್ಟರಲ್ಲಿ ಏಳು ವರ್ಷ. ಮನೆ ಇದ್ದಲ್ಲೇ ಇದೆ, ಹೆಂಡತಿ ದೀಪದ ಬೆಳಕಿನಲ್ಲಿ ಎದುರುಗೊಳ್ಳುತ್ತಾಳೆ. ಬೆಳಗ್ಗೆ ಎದ್ದು ನೋಡಿದರೆ ಮಾಡು ಹಾರಿಹೋಗಿದೆ, ಅವಳಿದ್ದಲ್ಲಿ ಗೋರಿ. ಇನ್ನೊಂದು ಕಥೆ ‘ಜಾಸೆಯಿ ನೊ ಇನ್’, ಸರ್ಪದ ಕಾಮವನ್ನು ಕುರಿತದ್ದು: ತೊಯೊಒ ಎಂಬ ತರುಣ ಮಳೆಯಲ್ಲಿ ಕೊಡೆ ಕೊಟ್ಟು ಪರಿಚಯ ಮಾಡಿಕೊಂಡ ಸುಂದರಿ ಹೆಣ್ಣಲ್ಲ, ಸರ್ಪ. ಈ ಎರಡೂ ಅಕಿನಾರಿಯ ಸ್ವಂತ ಕಲ್ಪನೆಯಲ್ಲ. ಮೊದಲನೆಯದಕ್ಕೆ ಚೀನದ ‘ಜ್ಯಾನ್‌ದೆಂಗ್ ಶಿನ್‌ಹ್ವಾ’ ಎಂಬ ಕಥಾಸಂಗ್ರಹವೂ ಅದರ ಜಪಾನೀ ರೂಪಾಂತರವೂ ಆಧಾರ; ಎರಡನೆಯದಕ್ಕೆ ಚೀನದಲ್ಲಿ ಮನೆಮಾತಾದ ಬಿಳಿಯ ಸರ್ಪದ ಕಥೆ ಆಧಾರ. ಅನ್ಯರ ಕಥೆಯನ್ನು ತಂದು ತನ್ನ ನೆಲದ ಊರು, ಹೊಳೆ, ಗುಡಿಗಳ ನಡುವೆ ನೆಡುವುದು ಅಕಿನಾರಿಯ ಕ್ರಮ. ಅಕಿನಾರಿ ಚೀನೀಯರಿಗೆ ಮಾಡಿದ್ದನ್ನೇ ಮಿಜೊಗುಚಿ ಅಕಿನಾರಿಗೆ ಮಾಡಿದರು. ಆದುದರಿಂದ ಮೂಲನಿಷ್ಠೆಯ ವಾದವನ್ನು ಇಲ್ಲಿ ಹೂಡುವವರು ಯಾವ ಮೂಲಕ್ಕೆ ನಿಷ್ಠೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಚಿತ್ರಕಥೆಯನ್ನು ಬರೆದವರು ಮತ್ಸುತಾರೊ ಕವಾಗುಚಿ ಮತ್ತು ಯೊಶಿಕತ ಯೊದ. ಮೇಲಿನ ಎರಡು ಕಥೆಗಳ ಜೊತೆಗೆ ಅವರು ಮತ್ತೊಂದು ಎಳೆಯನ್ನು ಸೇರಿಸಿದರು. ಫ್ರಾನ್ಸಿನ ಮೊಪಾಸಾನ ಸಣ್ಣಕಥೆಯೊಂದರಲ್ಲಿ ಬಿರುದು-ಪದಕಗಳ ಹುಚ್ಚು ಹಿಡಿದ ಮನುಷ್ಯನೊಬ್ಬನಿಗೆ ಕಡೆಗೆ ಅದು ದೊರೆಯುತ್ತದೆ. ಹೇಗೆ ದೊರೆಯಿತೆಂಬುದು ಮಾತ್ರ ಅವನ ಹೆಂಡತಿಗೇ ಗೊತ್ತು. ಆ ಹಾಸ್ಯದ ಕಥೆಯೇ ಇಲ್ಲಿ ತೊಬೆಯಿ ಎಂಬ ರೈತನ ಕಥೆಗೆ ಬೀಜವಾಯಿತು. ಮೊಪಾಸಾನಲ್ಲಿ ನಗು ಬರುತ್ತದೆ. ಇಲ್ಲಿ ನಗು ಅರ್ಧಕ್ಕೇ ನಿಲ್ಲುತ್ತದೆ.

ಚಿತ್ರದ ಕಾಲ 1583ರ ವಸಂತಾರಂಭ, ಸ್ಥಳ ಓಮಿ ಸೀಮೆಯ ಬಿವಾ ಸರೋವರದ ಉತ್ತರ ತೀರ. ಈ ಕಾಲಸ್ಥಳಗಳು ಸುಮ್ಮನೆ ಆರಿಸಿದವಲ್ಲ. ಅದರ ಹಿಂದಿನ ವರ್ಷ ಒದ ನೊಬುನಾಗ ತನ್ನ ಸೇನಾನಿಯೊಬ್ಬನ ದ್ರೋಹಕ್ಕೆ ಬಲಿಯಾಗಿದ್ದನು. ಅವನ ಅಧಿಕಾರಕ್ಕಾಗಿ ಶಿಬಾತ ಕತ್ಸುಇಯೆ ಮತ್ತು ಹಿದೆಯೊಶಿ ಇಬ್ಬರೂ ಹೊಡೆದಾಡಿದ್ದು ಇದೇ ಸರೋವರದ ಉತ್ತರಕ್ಕಿರುವ ಶಿಜುಗತಾಕೆಯಲ್ಲಿ, ಇದೇ 1583ರಲ್ಲಿ. ಕತ್ಸುಇಯೆ ಸೋತು ಆತ್ಮಹತ್ಯೆ ಮಾಡಿಕೊಂಡನು. ಗೆದ್ದ ಹಿದೆಯೊಶಿ ಯಾರು? ರೈತಾಪಿ ಮನೆಯ ಮಗ. ಸಾಮಾನ್ಯ ಆಳಾಗಿ ಸೇರಿ, 1570ರ ದಶಕದಲ್ಲೇ ಈ ಸರೋವರದ ದಡದ ನಾಗಹಾಮ ಪಟ್ಟಣಕ್ಕೆ ಒಡೆಯನಾಗಿದ್ದವನು. ತೊಬೆಯಿ ಸಮುರಾಯ್ ಆಗುವೆನೆಂದು ಕುಣಿದಾಗ ಪ್ರೇಕ್ಷಕರು ಅವನನ್ನು ಕೋಡಂಗಿಯೆಂದು ಬಗೆಯುತ್ತಾರೆ. ಆದರೆ ಅವನು ಸಂತೆಗೆ ಹೋಗುವ ಪಟ್ಟಣವನ್ನು ಆಳಿದವನೇ ಅವನಂಥ ಒಬ್ಬನು! ಕಣ್ಣೆದುರಿಗೆ ಇಂಥ ನಿದರ್ಶನವಿರುವಾಗ ಆಸೆಪಟ್ಟದ್ದು ಹುಚ್ಚೆನ್ನುವುದು ಹೇಗೆ? ಇದೇ ಹಿದೆಯೊಶಿ 1588ರಲ್ಲಿ ರೈತರ ಕೈಯಲ್ಲಿದ್ದ ಕತ್ತಿ-ಈಟಿಗಳನ್ನೆಲ್ಲ ಕಸಿದುಕೊಳ್ಳುವ ಆಜ್ಞೆ ಹೊರಡಿಸಿದನು. 1591ರಲ್ಲಿ ಆಳು ರೈತನಾಗಕೂಡದು, ರೈತ ವ್ಯಾಪಾರಿಯಾಗಕೂಡದೆಂದು ಕಟ್ಟುಮಾಡಿದನು. ತಾನು ಹತ್ತಿದ ಏಣಿಯನ್ನು ತಾನೇ ಎಳೆದುಕೊಂಡನು. ಚಿತ್ರದಲ್ಲಿ ಇದಾವುದನ್ನೂ ಹೇಳಿಲ್ಲ. ಜಪಾನೀ ಪ್ರೇಕ್ಷಕರಿಗೆ ಹೇಳುವ ಅಗತ್ಯವಿರಲಿಲ್ಲ. ನಮಗೆ ಮಾತ್ರ ಈ ಹಿನ್ನೆಲೆ ತಿಳಿಯದಿದ್ದರೆ ತೊಬೆಯಿಯ ಅರ್ಧ ಕಥೆ ತಪ್ಪಿಹೋಗುತ್ತದೆ.

ಇನ್ನು ಕಥೆ. ಗೆಂಜುರೊ ಕುಂಬಾರ. ದಂಡಿನ ಸದ್ದಿನ ನಡುವೆಯೇ ಪಟ್ಟಣಕ್ಕೆ ಮಡಕೆಗಳನ್ನು ಹೊತ್ತೊಯ್ದು ಮಾರಿ, ಕಂಡರಿಯದ ಹಣವನ್ನು ತರುತ್ತಾನೆ. ಹೆಂಡತಿ ಮಿಯಾಗಿಗೆ ಒಂದು ಒಳ್ಳೆಯ ಕಿಮೊನೊ ತರುತ್ತಾನೆ. ಅವಳಿಗೆ ಬಟ್ಟೆಗಿಂತ ಅದನ್ನು ತಂದ ಮನಸ್ಸು ದೊಡ್ಡದು. ಗಂಡ, ಮಗ, ತಾನು ಒಟ್ಟಿಗಿದ್ದರೆ ಸಾಕೆನ್ನುತ್ತಾಳೆ. ಅವನಿಗೆ ಆ ಮಾತು ಕೇಳಿಸುವುದಿಲ್ಲ. ಇನ್ನೂ ಹೆಚ್ಚು ಮಡಕೆ, ಇನ್ನೂ ಹೆಚ್ಚು ಹಣ. ಗಲಭೆಯ ಕಾಲದ ಸಂಪಾದನೆ ನಿಲ್ಲುವುದಿಲ್ಲವೆಂದು ಊರ ಹಿರಿಯ ಎಚ್ಚರಿಸುತ್ತಾನೆ. ತಿಗರಿಯನ್ನು ಮಿಯಾಗಿಯೇ ತಿರುಗಿಸುತ್ತಾಳೆ, ಗಂಡ ಮಣ್ಣನ್ನು ಎತ್ತುತ್ತಾನೆ. ಮಗು ಬಳಿಗೆ ಬಂದರೆ ಗದರಿಕೆ. ಈ ತಿಗರಿಯ ದೃಶ್ಯವನ್ನು ವಾಚಕರು ನೆನಪಿನಲ್ಲಿಡಬೇಕು, ಕಡೆಯಲ್ಲಿ ಅದು ಮತ್ತೆ ಬರುತ್ತದೆ. ಆವಿಗೆಗೆ ಬೆಂಕಿಯಿಟ್ಟ ರಾತ್ರಿಯೇ ಶಿಬಾತನ ದಂಡು ಊರಿಗೆ ನುಗ್ಗುತ್ತದೆ. ಊರವರೆಲ್ಲ ಕಾಡಿಗೆ ಓಡುತ್ತಾರೆ. ಗೆಂಜುರೊ ಮಾತ್ರ ಆವಿಗೆಯ ಬೆಂಕಿ ಆರೀತೆಂಬ ಚಿಂತೆಯಿಂದ ಹಿಂದಿರುಗುತ್ತಾನೆ. ಬೆಂಕಿ ಆರಿದೆ, ಆದರೆ ಮಡಕೆಗಳು ಚೆನ್ನಾಗಿಯೇ ಬೆಂದಿವೆ! ಅವನ ಕೇಡು ಇಲ್ಲಿಂದಲೇ ಮೊದಲಾಯಿತೆಂದು ನಮ್ಮ ಅಭಿಪ್ರಾಯ. ಆ ರಾತ್ರಿ ಮಡಕೆಗಳು ಒಡೆದುಹೋಗಿದ್ದರೆ ಆ ಸಂಸಾರ ಉಳಿಯುತ್ತಿತ್ತೇನೋ.

ಮುಂದಿನದು ಸರೋವರದ ದೃಶ್ಯ. ಇಬ್ಬರು ಗಂಡಸರು, ಇಬ್ಬರು ಹೆಂಡಿರು, ಒಂದು ಮಗು, ಮಡಕೆಗಳು, ಒಂದು ದೋಣಿ. ನೀರೂ ಆಕಾಶವೂ ಬೇರೆಯೆಂದು ತಿಳಿಯದಷ್ಟು ಮಂಜು. ತೊಬೆಯಿಯ ಹೆಂಡತಿ ಓಹಾಮ ಹುಟ್ಟುಹಾಕುತ್ತ ಹಾಡುತ್ತಾಳೆ. ಮಂಜಿನೊಳಗಿಂದ ಒಂದು ದೋಣಿ ತಾನಾಗಿಯೇ ತೇಲಿಬರುತ್ತದೆ. ದೆವ್ವವೆಂದು ಎಲ್ಲರೂ ನಡುಗುತ್ತಾರೆ; ನೋಡಿದರೆ ಸಾಯುತ್ತಿರುವ ಅಂಬಿಗ. ದರೋಡೆಗಾರರು ಮೇಲೆ ಬಿದ್ದರು, ಹೆಂಗಸರನ್ನು ಕಾಪಾಡಿಕೊಳ್ಳಿರೆಂದು ಹೇಳಿ ಪ್ರಾಣ ಬಿಡುತ್ತಾನೆ. ಚಿತ್ರದಲ್ಲಿ ಮೊದಲು ಭೂತವೆಂದು ಕಂಡವನು ಬದುಕಿದ ಮನುಷ್ಯ, ಅವನು ಹೇಳಿದ್ದೂ ನಿಜ. ಮುಂದೆ ಬರುವ ನಿಜವಾದ ಪ್ರೇತಗಳನ್ನು ಮಾತ್ರ ಯಾರೂ ಗುರುತಿಸುವುದಿಲ್ಲ. ಈ ಹೆಣಿಗೆ ಎಷ್ಟು ಸಹಜವಾಗಿದೆಯೆಂದರೆ ಎರಡನೆಯ ಸಲ ನೋಡುವವರೆಗೆ ನಮ್ಮ ಗಮನಕ್ಕೆ ಬರಲಿಲ್ಲ. ಅಂಬಿಗನ ಮಾತನ್ನು ಕೇಳಿ ಗೆಂಜುರೊ ಹೆಂಡತಿಯನ್ನೂ ಮಗುವನ್ನೂ ದಡದಲ್ಲಿಳಿಸಿ, ಬೇಗ ಬರುವೆನೆಂದು ಹೊರಟುಹೋಗುತ್ತಾನೆ. ಅವರ ಒಳ್ಳೆಯದಕ್ಕೆಂದೇ ಇಳಿಸಿದನು. ಆದರೂ ಮಡಕೆಗಳನ್ನು ದೋಣಿಯಲ್ಲಿಯೇ ಉಳಿಸಿಕೊಂಡನು.

ಪಟ್ಟಣದಲ್ಲಿ ವ್ಯಾಪಾರ ಕುದುರುತ್ತದೆ. ತೊಬೆಯಿ ತನ್ನ ಪಾಲಿನ ಹಣದೊಡನೆ ಹೆಂಡತಿಯ ಕೈತಪ್ಪಿಸಿ ಓಡಿ ಕವಚವನ್ನೂ ಈಟಿಯನ್ನೂ ಕೊಳ್ಳುತ್ತಾನೆ. ಅವನನ್ನು ಹುಡುಕುತ್ತ ಹೋದ ಓಹಾಮಳನ್ನು ಸೈನಿಕರು ಗುಡಿಯೊಂದರೊಳಗೆ ಎಳೆದೊಯ್ದು ಕೆಡಿಸಿ, ಚಿಲ್ಲರೆ ಕಾಸು ಎಸೆದು ಹೋಗುತ್ತಾರೆ. ಇತ್ತ ತೊಬೆಯಿ, ಸೋತ ಸೇನಾನಿಯೊಬ್ಬನ ತಲೆಯನ್ನು ಅವನ ಅನುಚರನೇ ಸ್ವಾಮಿಯ ಅಪ್ಪಣೆಯಂತೆ ಕಡಿದದ್ದನ್ನು ಮರೆಯಿಂದ ನೋಡಿ, ಆ ಅನುಚರನನ್ನು ಹಿಂದಿನಿಂದ ತಿವಿದು, ತಲೆಯನ್ನು ಕದ್ದು ಗೆದ್ದ ಪಕ್ಷಕ್ಕೆ ಒಪ್ಪಿಸುತ್ತಾನೆ. ಕುದುರೆ, ಕವಚ, ಹಿಂಬಾಲಕರು ದೊರೆಯುತ್ತಾರೆ. ಮೆರೆಯುತ್ತ ಬಂದು ವೇಶ್ಯಾಗೃಹವೊಂದರಲ್ಲಿ ತನ್ನ ಪರಾಕ್ರಮವನ್ನು ಬಣ್ಣಿಸುತ್ತಿರುವಾಗ ಅಲ್ಲಿಯೇ ಗಿರಾಕಿಯೊಬ್ಬನೊಡನೆ ಹಣಕ್ಕಾಗಿ ಜಗಳಾಡುತ್ತಿರುವ ಓಹಾಮ ಎದುರಾಗುತ್ತಾಳೆ. ನೀನು ದೊಡ್ಡವನಾದೆ, ಅದಕ್ಕೆ ತೆತ್ತವಳು ನಾನು ಎಂಬುದು ಅವಳ ಮಾತಿನ ತಾತ್ಪರ್ಯ. ಕದ್ದ ತಲೆ, ಮಾರಿದ ಮೈ: ಯುದ್ಧಕಾಲದ ಸಂತೆಯಲ್ಲಿ ಇವೆರಡೂ ಸರಕು. ಈ ಎರಡನ್ನು ಚಿತ್ರ ಒಂದೇ ಅಂಗಳದಲ್ಲಿ ತಂದು ನಿಲ್ಲಿಸುತ್ತದೆ.

ಗೆಂಜುರೊವಿನ ದಾರಿ ಬೇರೆ. ಅವನ ಮಡಕೆಗಳನ್ನು ನೋಡಲು ಮುಸುಕು ಹಾಕಿದ ಒಬ್ಬ ರಾಜಕುಮಾರಿಯೂ ಅವಳ ಮುದಿ ದಾದಿಯೂ ಬರುತ್ತಾರೆ. ಆರಿಸಿದ್ದನ್ನು ಕುತ್ಸುಕಿ ಅರಮನೆಗೆ ತಲುಪಿಸಬೇಕೆಂದು ಹೇಳುತ್ತಾರೆ. ಅವನು ಬಟ್ಟೆಯಂಗಡಿಯ ಮುಂದೆ ನಿಂತು, ಈ ಕಿಮೊನೊಗಳನ್ನುಟ್ಟರೆ ಮಿಯಾಗಿ ಹೇಗೆ ಕಂಡಾಳೆಂದು ಕನಸು ಕಾಣುತ್ತಿರುವಾಗಲೇ ಅವರಿಬ್ಬರೂ ಮತ್ತೆ ಎದುರಾಗಿ ಕರೆದೊಯ್ಯುತ್ತಾರೆ. ಅಂದರೆ ಮಿಯಾಗಿಯ ಮೇಲಿನ ಪ್ರೀತಿಯ ನಡುವೆಯೇ ವಕಾಸ ಎಂಬ ಈ ರಾಜಕುಮಾರಿ ಪ್ರವೇಶಿಸುತ್ತಾಳೆ. ಪಾಳುಬಿದ್ದ ಹೆಬ್ಬಾಗಿಲು, ಒಳಗೆ ಹೋದಂತೆ ಸಂಜೆಯಾಗಿ, ದಾಸಿಯರು ಒಂದೊಂದೇ ದೀಪ ಹಚ್ಚುತ್ತಾರೆ, ಪಾಳುಮನೆ ಅರಮನೆಯಾಗುತ್ತದೆ. ವಕಾಸ ಅವನಿಗೆ ಅವನದೇ ಬಟ್ಟಲಿನಲ್ಲಿ ಪಾನ ಕೊಟ್ಟು, ಇಂಥ ಕೆಲಸ ಹೇಗೆ ಸಾಧ್ಯವಾಯಿತೆಂದು ಕೇಳುತ್ತಾಳೆ. ಊರ ಕುಂಬಾರನನ್ನು ಕಲಾವಿದನೆಂದು ಕರೆದವರು ಅಲ್ಲಿಯತನಕ ಯಾರಿದ್ದರು? ಇದು ಚಹಾ-ಗೋಷ್ಠಿಯ ಆಚಾರ್ಯ ಸೆನ್ ನೊ ರಿಕ್ಯೂ ಜೀವಿಸಿದ್ದ ಕಾಲ. ಮಣ್ಣಿನ ಬಟ್ಟಲಿಗೆ ಪ್ರಭುಗಳು ಭಾರಿ ಬೆಲೆ ಕೊಡುತ್ತಿದ್ದ ಕಾಲ. ವಕಾಸ ಅವನನ್ನು ಸೌಂದರ್ಯದಿಂದ ಹಿಡಿಯುವ ಮೊದಲು ಹೊಗಳಿಕೆಯಿಂದ ಹಿಡಿದಳು. ವಿದ್ಯೆಯ ಕಸುಬಿನವರಾದ ನಮಗೆ ಈ ಬಲೆ ಅಪರಿಚಿತವಲ್ಲ.

ವಕಾಸಳ ಮುಖವನ್ನು ಗಮನಿಸಬೇಕು. ಹುಬ್ಬು ತೆಗೆದು ಹಣೆಯ ಮೇಲೆ ಮಸಿಯಿಂದ ಬರೆದಿದೆ, ಮುಖ ಬಿಳುಪಿನ ಬಣ್ಣದಿಂದ ನಿಶ್ಚಲವಾಗಿದೆ. ನೋ ನಾಟಕದ ಮುಖವಾಡದ ನೆನಪಾಗುತ್ತದೆ. 14-15ನೆಯ ಶತಮಾನಗಳಲ್ಲಿ ಜೆಆಮಿ ಎಂಬ ನಟ-ಕವಿಯಿಂದ ಪ್ರೌಢತೆಗೆ ಬಂದ ನೋ ನಾಟಕಗಳಲ್ಲಿ ಒಂದು ಬಗೆಯಿದೆ: ದಾರಿಹೋಕನಾದ ಸಂನ್ಯಾಸಿಯೊಬ್ಬನಿಗೆ ಯಾರೋ ಊರವರಂತೆ ಎದುರಾದವರು ಉತ್ತರಾರ್ಧದಲ್ಲಿ ತಾವು ಸತ್ತವರೆಂದು ತೋರಿಸಿಕೊಂಡು, ತೀರದ ದುಃಖವನ್ನು ಕುಣಿದು ತೋರಿಸುತ್ತಾರೆ. ಚಿತ್ರದ ಅರಮನೆಯ ಭಾಗವೆಲ್ಲ ಈ ಅಚ್ಚಿನಲ್ಲಿದೆ. ವಕಾಸ ಹಾಡುತ್ತ ನರ್ತಿಸುವಾಗ ಅವಳ ತಂದೆಯ ದನಿ ಅಲ್ಲಿಟ್ಟಿರುವ ಕವಚ-ಶಿರಸ್ತ್ರಾಣಗಳ ಕಡೆಯಿಂದ ಕೇಳಿಸುತ್ತದೆ. ನೊಬುನಾಗನ ಕೈಯಲ್ಲಿ ನಾಶವಾದ ಮನೆತನ ಅದು. ಪ್ರೀತಿಯೆಂಬುದನ್ನು ಕಾಣದೆಯೇ ಸತ್ತ ಹುಡುಗಿಯನ್ನು ದಾದಿ ಮರಳಿ ಕರೆತಂದಿದ್ದಾಳೆ. ಹಾಗಾಗಿ ಅವಳೂ ಯುದ್ಧಕ್ಕೆ ಸತ್ತವಳೇ! ಅವಳನ್ನು ರಕ್ಕಸಿಯೆಂದು ದ್ವೇಷಿಸಲು ಚಿತ್ರ ಅವಕಾಶ ಕೊಡುವುದಿಲ್ಲ. ಮೂಲ ಕಥೆಯ ಸರ್ಪವನ್ನು ಬಿಟ್ಟು ಅನಾಥ ರಾಜಕುಮಾರಿಯನ್ನು ತಂದದ್ದರಿಂದ ಆದ ಲಾಭ ಇದು. ಈ ಒಂದು ಅಂಶದಲ್ಲಿ ಚಿತ್ರ ಮೂಲವನ್ನು ಮೀರಿಸಿದೆಯೆಂದು ಹೇಳಲು ನಮಗೆ ಸಂಕೋಚವಿಲ್ಲ.

ಗೆಂಜುರೊವಿನ ಮುಖದಲ್ಲಿ ಮರಣದ ಕಳೆಯನ್ನು ಕಂಡ ಒಬ್ಬ ಅರ್ಚಕ ಅವನ ಮೈಮೇಲೆ ಬೌದ್ಧ ಮಂತ್ರಾಕ್ಷರಗಳನ್ನು ಬರೆಯುತ್ತಾನೆ. ಅರಮನೆಗೆ ಮರಳಿದ ಅವನನ್ನು ವಕಾಸ ಮುಟ್ಟಲಾರದೆ ಹಿಂಜರಿಯುತ್ತಾಳೆ. ಇಲ್ಲಿ ಒಂದು ಮಾತನ್ನು ಸೇರಿಸಬಹುದು. ಜಪಾನೀ ಬೌದ್ಧರು ಬೀಜಾಕ್ಷರಗಳನ್ನು ಬರೆಯಲು ಇಂದಿಗೂ ಬಳಸುವುದು ‘ಸಿದ್ಧಂ’ ಎಂಬ ಲಿಪಿಯನ್ನು. ಅದು ಭಾರತದಿಂದ ಚೀನದ ಮಾರ್ಗವಾಗಿ ಹೋದದ್ದು, ಬ್ರಾಹ್ಮಿಯ ಸಂತತಿ. ಆ ಲೆಕ್ಕದಲ್ಲಿ ನಮ್ಮ ಕನ್ನಡ ಲಿಪಿಗೂ ದೂರದ ದಾಯಾದಿ. ಭಾರತದಲ್ಲಿ ಬಳಕೆ ತಪ್ಪಿದ ಲಿಪಿಯೊಂದು ಜಪಾನಿನ ಗುಡಿಗಳಲ್ಲಿ ಉಳಿದುಬಂದದ್ದು ಲಿಪಿಶಾಸ್ತ್ರದಲ್ಲಿ ಆಸಕ್ತರಾದವರು ಪ್ರತ್ಯೇಕವಾಗಿ ಅಭ್ಯಾಸ ಮಾಡತಕ್ಕ ವಿಷಯ.

ಪದದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಈ ಚಿತ್ರವನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ಯಾವ ಶಬ್ದವನ್ನು ಬಳಸಬೇಕು? ‘ದೆವ್ವ’ ಎಂದರೆ ಮಕ್ಕಳನ್ನು ಹೆದರಿಸುವ ಧ್ವನಿ ಬರುತ್ತದೆ. ‘ಪಿಶಾಚಿ’ಯಲ್ಲಿ ಕ್ರೌರ್ಯದ ಅರ್ಥವಿದೆ. ‘ಭೂತ’ ಎಂದರೆ ನಮ್ಮ ಕಾಸರಗೋಡಿನ ಕಡೆಯವರಿಗೆ ಕೋಲ ಕಟ್ಟಿ ಆರಾಧಿಸುವ ದೈವ. ಅಲ್ಲಿ ಆ ಶಬ್ದವನ್ನು ಈ ಅರ್ಥದಲ್ಲಿ ಬಳಸಿದರೆ ಅಪಚಾರವೇ ಆದೀತು. ‘ಪ್ರೇತ’ ಎಂದರೆ ಶಬ್ದಶಃ ಮುಂದೆ ಹೋದದ್ದು, ಅಗಲಿದ್ದು. ಕರ್ಮಾಂತರವಾಗದೆ ನಡುವೆ ನಿಂತದ್ದೆಂಬ ಅರ್ಥವೂ ಅದಕ್ಕೆ ಬಂದಿದೆ. ವಕಾಸಳಿಗೂ, ಮುಂದೆ ಬರುವ ಇನ್ನೊಬ್ಬಳಿಗೂ ಇದೇ ತಕ್ಕ ಮಾತೆಂದು ನಾವು ತೀರ್ಮಾನಿಸಿದೆವು.

ಗೆಂಜುರೊ ಕತ್ತಿ ಬೀಸುತ್ತ ಹೊರಕ್ಕೆ ಬಿದ್ದು ಎಚ್ಚರಗೊಂಡಾಗ ಅರಮನೆಯಿಲ್ಲ, ಸುಟ್ಟ ಕಂಬಗಳಿವೆ. ಕತ್ತಿ ಗುಡಿಯಿಂದ ಕದ್ದದ್ದೆಂದು ಹೇಳಿ ಅಧಿಕಾರದವರು ಅವನ ಹಣವನ್ನೂ ಕಿತ್ತುಕೊಳ್ಳುತ್ತಾರೆ. ಬರಿಗೈಯಲ್ಲಿ ಊರಿಗೆ ಬರುತ್ತಾನೆ. ಇಲ್ಲಿಂದ ಮುಂದಿನ ಕೆಲವು ನಿಮಿಷಗಳಿಗಾಗಿಯೇ ಈ ಚಿತ್ರವನ್ನು ಲೋಕ ನೆನೆಯುತ್ತದೆ ಎಂದರೂ ತಪ್ಪಿಲ್ಲ. ಪ್ರೇಕ್ಷಕರಿಗೆ ಒಂದು ಸಂಗತಿ ಗೊತ್ತು, ಅವನಿಗೆ ಗೊತ್ತಿಲ್ಲ: ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದ ಮಿಯಾಗಿಯನ್ನು ಹಸಿದ ಸೈನಿಕರು ಒಂದು ತುತ್ತು ಅನ್ನಕ್ಕಾಗಿ ತಡೆದು ಈಟಿಯಿಂದ ತಿವಿದಿದ್ದಾರೆ. ಗೆಂಜುರೊ ಬಾಗಿಲು ತೆರೆಯುತ್ತಾನೆ. ಮನೆ ಕತ್ತಲೆ, ಒಲೆ ತಣ್ಣಗಿದೆ, ಯಾರೂ ಇಲ್ಲ. ಮಿಯಾಗಿ ಎಂದು ಕೂಗುತ್ತ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ ಮನೆಯನ್ನು ಸುತ್ತಿಕೊಂಡು ಬರುತ್ತಾನೆ. ಕ್ಯಾಮರಾ ಮನೆಯೊಳಗೇ ನಿಂತು, ಗೋಡೆಯ ತೆರವುಗಳಲ್ಲಿ ಅವನನ್ನು ಕಾಣುತ್ತ ತಾನೂ ತಿರುಗುತ್ತದೆ. ಅವನು ಮತ್ತೆ ಮುಂಬಾಗಿಲಿಗೆ ಬಂದಾಗ, ಎಲ್ಲಿಯೂ ತುಂಡಾಗದ ಅದೇ ಚಿತ್ರಿಕೆಯಲ್ಲಿ, ಒಲೆ ಉರಿಯುತ್ತಿದೆ. ಮಿಯಾಗಿ ಅದರ ಪಕ್ಕದಲ್ಲಿ ಅಡಿಗೆ ಮಾಡುತ್ತಿದ್ದಾಳೆ.

ಇದರಲ್ಲಿ ಯಾವ ಛಾಯಾತಂತ್ರದ ಮಾಟವೂ ಇಲ್ಲ. ಹೊಗೆ ಏಳುವುದಿಲ್ಲ, ಆಕೃತಿ ಮಸುಕಾಗಿ ಮೂಡುವುದಿಲ್ಲ. ಕ್ಯಾಮರಾ ಬೇರೆ ಕಡೆಗೆ ತಿರುಗಿದ್ದ ಅಷ್ಟೇ ಹೊತ್ತಿನಲ್ಲಿ ಬೆಂಕಿ ಹಚ್ಚಿ ನಟಿಯನ್ನು ಕೂರಿಸಿದ್ದಾರೆ, ಇಷ್ಟೇ ಕೈಚಳಕ. ಚಿತ್ರವನ್ನು ಕತ್ತರಿಸಿ ಅಂಟಿಸಿದ್ದರೆ ಪ್ರೇಕ್ಷಕ ‘ಇದು ಸಿನಿಮಾದವರ ಯುಕ್ತಿ’ ಎಂದುಕೊಂಡಾನು. ಕತ್ತರಿಸದೆ ಇದ್ದುದರಿಂದ, ತನ್ನ ಕಣ್ಣೇ ತಪ್ಪಿತೇನೋ ಎಂದು ಸಂದೇಹಪಡುತ್ತಾನೆ. ಸತ್ತಿರುವಳೆಂದು ಕಣ್ಣಾರೆ ಕಂಡವನೂ ಅರೆಗಳಿಗೆ ಅವಳು ಬದುಕಿದ್ದಾಳೆಂದು ನಂಬುತ್ತಾನೆ, ನಂಬಲು ಆಸೆಪಡುತ್ತಾನೆ. ಮಿಯಾಗಿ ಗಂಡನಿಗೆ ಉಣಬಡಿಸಿ, ತಪ್ಪೊಪ್ಪಿಕೊಳ್ಳಲು ಬಂದವನನ್ನು ಸುಮ್ಮನಾಗಿಸಿ, ಮಗುವಿನ ಪಕ್ಕದಲ್ಲಿ ಮಲಗಿಸಿ, ದೀಪದ ಬೆಳಕಿನಲ್ಲಿ ಅವನ ಬಟ್ಟೆಯ ಹರಕನ್ನು ಹೊಲಿಯುತ್ತಾಳೆ. ವಕಾಸ ಬಂದದ್ದು ತನಗೆ ಸಿಗದುದನ್ನು ಪಡೆಯಲು; ಮಿಯಾಗಿ ಬಂದದ್ದು ಮನೆಗೆಲಸ ಮುಗಿದಿಲ್ಲವೆಂದು. ಬೆಳಗಾದರೆ ಅವಳಿಲ್ಲ. ಊರ ಹಿರಿಯ ಬಂದು, ತನ್ನ ಮನೆಯಲ್ಲಿ ಸಾಕುತ್ತಿದ್ದ ಮಗು ರಾತ್ರಿ ತಾನಾಗಿಯೇ ಇಲ್ಲಿಗೆ ಬಂದಿದೆಯೆಂದು ಆಶ್ಚರ್ಯಪಟ್ಟು, ನಡೆದುದನ್ನು ತಿಳಿಸುತ್ತಾನೆ.

ಛಾಯಾಗ್ರಾಹಕರು ಕಜುಒ ಮಿಯಾಗಾವ. ಕುರೊಸಾವರ ‘ರಾಶೊಮೊನ್’ (1950) ಚಿತ್ರಕ್ಕೂ ಅವರದೇ ಕ್ಯಾಮರಾ. ಮಿಜೊಗುಚಿಯವರು ಜಪಾನಿನ ಹಳೆಯ ಸುರುಳಿಚಿತ್ರಗಳನ್ನು ಮಾದರಿಯಾಗಿಟ್ಟುಕೊಂಡಿದ್ದರು. ಸುರುಳಿಚಿತ್ರದಲ್ಲಿ ಪುಟಗಳಿಲ್ಲ, ಬಿಚ್ಚುತ್ತ ಹೋದಂತೆ ಊರು, ಹೊಳೆ, ಕಾಡು, ಯುದ್ಧ ಒಂದರಿಂದೊಂದು ಹೊರಡುತ್ತವೆ. ಅದಕ್ಕೆ ತಕ್ಕಂತೆ ಕ್ಯಾಮರಾವನ್ನು ಕ್ರೇನಿನ ಮೇಲಿಟ್ಟು ತೇಲಿಸುವಂತೆ ಚಲಿಸಿದ್ದಾರೆ. ಬಿಸಿನೀರಿನ ಬುಗ್ಗೆಯಲ್ಲಿ ಗೆಂಜುರೊ-ವಕಾಸರನ್ನು ಬಿಟ್ಟು ನೆಲದ ಮೇಲೆ ಸರಿಯುತ್ತ ಹೋದ ಕ್ಯಾಮರಾ ಸರೋವರದ ದಡದ ಹುಲ್ಲಿನ ಮೇಲೆ ನಲಿಯುತ್ತಿರುವ ಅವರನ್ನೇ ಮತ್ತೆ ಕಾಣುತ್ತದೆ. ಎಲ್ಲಿ ಬೆಸೆದಿದ್ದಾರೆಂದು ತಿಳಿಯುವುದೇ ಕಷ್ಟ. ಎಷ್ಟು ದಿನ ಕಳೆಯಿತೆಂದು ಗೆಂಜುರೊಗೆ ತಿಳಿಯದು, ನಮಗೂ ತಿಳಿಯದು. ಸಂಗೀತವನ್ನು ಕೊಟ್ಟವರಲ್ಲಿ ಮುಖ್ಯರಾದ ಫುಮಿಒ ಹಯಾಸಾಕ ಮುಂದೆ 1955ರಲ್ಲಿ ಅಕಾಲ ಮರಣಕ್ಕೀಡಾದರು. ಗೆಂಜುರೊ ಆಗಿ ಮಸಾಯುಕಿ ಮೊರಿ, ವಕಾಸ ಆಗಿ ಮಚಿಕೊ ಕ್ಯೊ (ಇವರಿಬ್ಬರೇ ‘ರಾಶೊಮೊನ್’ನಲ್ಲಿಯೂ ಗಂಡಹೆಂಡಿರು), ಮಿಯಾಗಿ ಆಗಿ ಕಿನುಯೊ ತನಾಕ ನಟಿಸಿದ್ದಾರೆ. ತನಾಕ ಅದೇ 1953ರಲ್ಲಿ ತಾವೇ ಒಂದು ಚಿತ್ರವನ್ನು ನಿರ್ದೇಶಿಸಿದರೆಂಬುದನ್ನು ನೆನೆಯಬೇಕು.

ಮಿಜೊಗುಚಿಯವರ ಬಾಳನ್ನು ಸ್ವಲ್ಪವಾದರೂ ತಿಳಿಯದೆ ಈ ಚಿತ್ರದ ಕಾವು ಅರ್ಥವಾಗದು. ಅವರು 1898ರಲ್ಲಿ ತೋಕಿಯೊದಲ್ಲಿ ಹುಟ್ಟಿದರು. 1904-05ರ ರಷ್ಯ-ಜಪಾನ್ ಯುದ್ಧದಲ್ಲಿ ಸೈನಿಕರಿಗೆ ಮಳೆಯಂಗಿಗಳನ್ನು ಮಾರಿ ಹಣ ಮಾಡಬೇಕೆಂದು ತಂದೆ ಬಂಡವಾಳ ಹೂಡಿದರು. ಯುದ್ಧ ಬೇಗ ಮುಗಿದು ಮನೆ ಮುಳುಗಿತು. ಬಡತನ ತಾಳಲಾರದೆ ಅಕ್ಕ ಸುಜುವನ್ನು ಬೇರೆ ಮನೆಗೆ ಕೊಟ್ಟರು. ಅವಳು ಗೆಯಿಶಾ ವೃತ್ತಿಗೆ ಮಾರಾಟವಾದಳು. ಮುಂದೆ ತಮ್ಮನನ್ನು ಸಾಕಿದವಳೂ ಆ ಅಕ್ಕನೇ. ದಂಡಿಗೆ ಸರಕು ಮಾರಿ ಸಿರಿವಂತನಾಗಬಯಸಿದ ಗಂಡಸು, ಅದಕ್ಕಾಗಿ ಮೈ ತೆತ್ತ ಹೆಂಗಸು: ಗೆಂಜುರೊವೂ ಓಹಾಮಳೂ ಅವರಿಗೆ ಹಳೆಯ ಪುಸ್ತಕದಿಂದ ದೊರೆತ ಪಾತ್ರಗಳು ಮಾತ್ರವಲ್ಲ. ಇನ್ನೊಂದನ್ನೂ ಮರೆಮಾಚಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವರೂ ಸರಕಾರದ ಯುದ್ಧನೀತಿಗೆ ಅನುಕೂಲವಾದ ಚಿತ್ರಗಳನ್ನು ತಯಾರಿಸಿದ್ದರು. ಪರಕೀಯ ಸೇನೆಯ ಆಡಳಿತ 1952ರ ಏಪ್ರಿಲಿನಲ್ಲಿ ಕೊನೆಗೊಂಡ ಬಳಿಕ ಒಂದು ವರ್ಷದೊಳಗೆ ‘ಉಗೆತ್ಸು’ ಹೊರಬಂತು. ಯುದ್ಧವೆಂಬ ಹೆಸರಿನ ಹಿಂಸೆ ಸಾಮಾನ್ಯ ಜನರ ಮೈಯನ್ನೂ ಮನಸ್ಸನ್ನೂ ಹೇಗೆ ಹಿಂಡುತ್ತದೆಂಬುದೇ ಮುಖ್ಯವಾಗಬೇಕೆಂದು ಅವರು ಯೊದರಿಗೆ ಪತ್ರ ಬರೆದಿದ್ದರು. ಈ ಮಾತಿನಲ್ಲಿ ಪಶ್ಚಾತ್ತಾಪವೂ ಬೆರೆತಿದೆಯೆಂದು ನ್ಯಾಯವಾಗಿ ಊಹಿಸಬಹುದು.

ಮುಕ್ತಾಯದ ಬಗ್ಗೆ ಮಾತ್ರ ನಮಗೆ ತಕರಾರಿದೆ. ತೊಬೆಯಿ ಪಶ್ಚಾತ್ತಾಪಪಟ್ಟು, ಕವಚವನ್ನು ಹೊಳೆಗೆಸೆದು, ಓಹಾಮಳೊಡನೆ ಊರಿಗೆ ಬಂದು ನೇಗಿಲ ಬದುಕಿಗೆ ಮರಳುತ್ತಾನೆ. ಮಿಜೊಗುಚಿಯವರ ಇಚ್ಛೆ ಇದಾಗಿರಲಿಲ್ಲ. ತೊಬೆಯಿಯ ಮನಸ್ಸು ತಿರುಗದೆ, ಅವನು ಮೇಲೇರುತ್ತಲೇ ಹೋಗಬೇಕೆಂಬುದು ಅವರ ಯೋಚನೆಯಾಗಿತ್ತು. ಚಿತ್ರಸಂಸ್ಥೆ ಒಪ್ಪಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ನಮಗೆ ನಿರ್ದೇಶಕರ ಮೊದಲ ಯೋಚನೆಯೇ ಸರಿಯೆನಿಸುತ್ತದೆ. ಓಹಾಮಳಿಗೆ ಆದದ್ದು ಕವಚ ಎಸೆದ ಮಾತ್ರಕ್ಕೆ ಅಳಿಸುವಂಥದೇ? ಹಿದೆಯೊಶಿಯ ಕಾಲದಲ್ಲಿ ಕವಚವನ್ನು ಎಸೆಯದವರೇ ಚರಿತ್ರೆಗೆ ಸೇರಿದರು. ಆದರೆ ಇನ್ನೊಂದು ಪಕ್ಷವೂ ಇದೆ. ತೊಬೆಯಿ ಮೇಲೇರಿದ್ದರೆ ಓಹಾಮ ಆ ಮನೆಯಲ್ಲಿಯೇ ಉಳಿಯುತ್ತಿದ್ದಳು, ಊರಿನ ಕಡೆಯ ದೃಶ್ಯದಲ್ಲಿ ಅವಳಿಗೆ ಸ್ಥಳವಿರುತ್ತಿರಲಿಲ್ಲ. ಹೊಲದಲ್ಲಿ ಮೌನವಾಗಿ ಕೆಲಸಮಾಡುವ ಆ ಹೆಂಗಸನ್ನು ನೋಡಿದ ಪ್ರೇಕ್ಷಕ ಎಲ್ಲವೂ ಸರಿಹೋಯಿತೆಂದುಕೊಳ್ಳುವುದು ಸಾಧ್ಯವೇ ಎಂದು ಕೇಳುವವರ ಮಾತನ್ನೂ ತಳ್ಳಿಹಾಕಲಾಗದು.

ಗೆಂಜುರೊವಿನ ಭಾಗದಲ್ಲಿ ಅಂಥ ದೋಷವಿಲ್ಲ. ಅವನು ಮತ್ತೆ ತಿಗರಿಯ ಮುಂದೆ ಕುಳಿತಿದ್ದಾನೆ. ತಿರುಗಿಸಲು ಮಿಯಾಗಿಯಿಲ್ಲ; ಅವಳ ದನಿ ಮಾತ್ರ ಕೇಳಿಸುತ್ತದೆ. ನಾನು ಬಯಸಿದಂಥ ಮನುಷ್ಯ ಈಗ ನೀವಾಗಿರುವಿರಿ, ಈಗ ನಾನಿಲ್ಲ ಎಂಬ ಅರ್ಥದ ಆ ದನಿ ಅವನಿಗೆ ಕೇಳಿತೋ, ನಮಗೆ ಮಾತ್ರ ಕೇಳಿತೋ ಚಿತ್ರ ಹೇಳುವುದಿಲ್ಲ. ಮಗು ಅನ್ನದ ಬಟ್ಟಲನ್ನು ಒಯ್ದು ತಾಯಿಯ ಗೋರಿಯ ಮೇಲಿಡುತ್ತದೆ. ಕ್ಯಾಮರಾ ಮೆಲ್ಲನೆ ಮೇಲೇರಿ, ಮೊದಲ ದೃಶ್ಯದಲ್ಲಿ ತೋರಿಸಿದ ಅದೇ ಹೊಲಗಳನ್ನು ಕಾಣಿಸಿ ನಿಲ್ಲುತ್ತದೆ. ಅನ್ನಕ್ಕಾಗಿಯೇ ಸತ್ತವಳಿಗೆ ಅನ್ನ.

1953ರ ವೆನಿಸ್ ಉತ್ಸವದಲ್ಲಿ ಮೊದಲನೆಯ ಬಹುಮಾನವಾದ ಸುವರ್ಣಸಿಂಹವನ್ನು ಯಾರಿಗೂ ಕೊಡಲಿಲ್ಲ. ರಜತಸಿಂಹವನ್ನು ಪಡೆದ ಆರು ಚಿತ್ರಗಳಲ್ಲಿ ‘ಉಗೆತ್ಸು’ ಒಂದು. ಮುಂದಿನ ವರ್ಷ ಇವರ ‘ಸಾನ್‌ಶೊ ದಾಯು’ ಚಿತ್ರಕ್ಕೂ ಅದೇ ಗೌರವ ಸಂದಿತು. 1956ರ ಆಗಸ್ಟಿನಲ್ಲಿ ಮಿಜೊಗುಚಿ ಕ್ಯೋತೊದಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಶಾಲೆ-ಕಾಲೇಜುಗಳಲ್ಲಿ ಈ ಚಿತ್ರವನ್ನು ತೋರಿಸಲು ಇಚ್ಛಿಸುವ ಸಹೋದ್ಯೋಗಿಗಳಿಗೆ ಒಂದೆರಡು ಸೂಚನೆಗಳು. 2016ರಲ್ಲಿ ಚಿತ್ರವನ್ನು ಹೊಸದಾಗಿ ಶುದ್ಧೀಕರಿಸಿದ್ದಾರೆ. ಹಳೆಯ ಮಾಸಿದ ಪ್ರತಿಯನ್ನು ಬಿಟ್ಟು ಅದನ್ನೇ ಹುಡುಕಬೇಕು, ಮಂಜಿನ ದೃಶ್ಯ ಮಾಸಿದ ಪ್ರತಿಯಲ್ಲಿ ಬರಿಯ ಬೂದಿಯಂತೆ ಕಾಣುತ್ತದೆ. ಅವಧಿ ಒಂದೂವರೆ ಗಂಟೆಗೆ ತುಸು ಹೆಚ್ಚು, ಎರಡು ಪಾಠದ ವೇಳೆಗೆ ಸರಿಹೋಗುತ್ತದೆ. ನಿಲ್ಲಿಸಬೇಕಾದರೆ ಮಿಯಾಗಿಯನ್ನು ದಡದಲ್ಲಿಳಿಸಿದಲ್ಲಿ ನಿಲ್ಲಿಸಬಹುದು. ಓಹಾಮಳ ಮೇಲಿನ ಅತ್ಯಾಚಾರವನ್ನು ನೇರವಾಗಿ ತೋರಿಸಿಲ್ಲ, ಆದರೂ ಅದು ಸ್ಪಷ್ಟವಾಗಿಯೇ ಇರುವುದರಿಂದ ಚಿಕ್ಕ ತರಗತಿಗಳಿಗೆ ತಕ್ಕದ್ದಲ್ಲ. ದೊಡ್ಡ ವಿದ್ಯಾರ್ಥಿಗಳಿಗೆ ಅಕಿನಾರಿಯ ‘ಪಾಳುಮನೆ’ಯ ಕಥೆಯನ್ನು ಮೊದಲೇ ಹೇಳಿ, ಗಂಡ ಮರಳಿದ ರಾತ್ರಿಯನ್ನು ತಮ್ಮ ಮಾತಿನಲ್ಲಿ ಬರೆಯಲು ಕೇಳಿ, ಆಮೇಲೆ ಚಿತ್ರವನ್ನು ತೋರಿಸಿದರೆ, ಒಲೆ ಹೊತ್ತಿಕೊಂಡ ಆ ಗಳಿಗೆಯಲ್ಲಿ ತರಗತಿ ಎಷ್ಟು ನಿಶ್ಶಬ್ದವಾಗುವುದೆಂಬುದನ್ನು ಅವರೇ ನೋಡಬಹುದು.